ಕುಡಿಯದವನ ಲಿವರ್

ಕೊಳಾರ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ನಮಗೆಲ್ಲ ರಕ್ತ ತಪಾಸಣೆ ಮಾಡಿಸಿದ್ದರು. ರಿಪೋರ್ಟ್ ಹಂಚುತ್ತಿದ್ದ ನರ್ಸ್ ಸಿಸ್ಟರ್ ನಮ್ಮ ಚರ್ಚಿನವರೇ. ನನ್ನ ಕಾಗದ ನೋಡಿ ದನಿ ತಗ್ಗಿಸಿದರು. "ಅಣ್ಣಾ, ಲಿವರಿನ ಎಂಜೈಮ್ ಭಾಳ ಏರ್ಯಾವ. ಖರೇ ಹೇಳ್ರಿ, ಯಾವಾಗಿಂದ ಕುಡೀಲಾಕತ್ತೀರಿ?"

ಕುಡಿತ ಬಿಡಿಸೆಂದು ಮಂದಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವವನು ನಾನು. "ದೇವರ ಮುಂದ ಹೇಳ್ತೇನಿ ತಂಗಿ, ಚಾ ಬಿಟ್ಟರ ಏನೂ ಮುಟ್ಟಿಲ್ಲ."

"ಚಾ ಎಷ್ಟು?" ಎಂದರು ಪಕ್ಕದಲ್ಲಿದ್ದ ಡಾಕ್ಟರು.

ಪ್ರಾರ್ಥನೆಗೆ ಹೋದ ಮನೆಯಲ್ಲಿ ಬೇಡ ಎನ್ನುವಂತಿಲ್ಲ. ನಮ್ಮೂರು ಔರಾದಿನಲ್ಲಿ ಭಾನುವಾರ ಎಂಟು ಮನೆ. ಪ್ರತಿ ಮನೆಯಲ್ಲೂ ಸಕ್ಕರೆ ಸುರಿದ ಚಹಾ, ಜೊತೆಗೆ ಭಜಿ. ಎಲ್ಲ ಹೇಳಿದೆ.

ಡಾಕ್ಟರು ನನ್ನ ಹೊಟ್ಟೆ ಒತ್ತಿ ನೋಡಿದರು. "ಕುಡಿತದಿಂದಲ್ಲ, ಸಕ್ಕರಿ-ಕರಿದದ್ದರಿಂದ ಲಿವರಿಗೆ ಕೊಬ್ಬು ಹಿಡಿದಂಗ ಕಾಣ್ತದ. ಇಂಥವರಿಗೆ ಹೃದಯದ ರಕ್ತನಾಳ ಕಟ್ಟಿಕೊಳ್ಳೋ ಸಂಭವನೂ ಜಾಸ್ತಿರಿ. ಇದೊಂದರಿಂದ ಖಾತ್ರಿ ಆಗಂಗಿಲ್ಲ, ಎದಿ ತಪಾಸಣೆ ಲಗೂನ ಮಾಡಿಸ್ರಿ."

ನಾನು ಸಿಸ್ಟರ್ ಕಡೆ ತಿರುಗಿದೆ. "ಕೇಳಿದ್ರೆಲ್ಲ, ಕುಡಿತ ಅಲ್ಲಂತ!"

"ನಾ ಕೇಳಿದೆ ಅಣ್ಣಾ. ಹೃದಯ ಅಂದಿದ್ದು ನಿಮಗ ಕೇಳಿಸ್ತೇನು?"

ಆಗ ಕೇಳಿಸಿತು. ಅಲ್ಲೇ ಕುರ್ಚಿಯಲ್ಲಿ ಕೂತೆ. ಚರ್ಚಿನಲ್ಲಿ ಯಾರಾದರೂ ಕೇಳಿದರೆ ಲಿವರ್ ಎನ್ನದೆ ಹೃದಯದ ಕಾಯಿಲೆ ಎಂದೇ ಹೇಳಿರೆಂದು ಮೊದಲು ಸಿಸ್ಟರಿಗೆ ಕೈಮುಗಿದೆ. ದೇವರ ನೆನಪಾದದ್ದು ಆಮೇಲೆ.