ಸುರಪುರದಿಂದ ದಿಲ್ಲಿ ಒಂದೇ ದಿನ

ನಸುಕಿನ ಚಳಿಯಲ್ಲಿ ಸುರಪುರ ಬಿಟ್ಟೆವು. ದಿಲ್ಲಿಯ ಆಸ್ಪತ್ರೆಯಲ್ಲಿದ್ದ ಚಿಕ್ಕವ್ವನಿಗೆ ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್. ಒಳಗೆ ಹೋಗುವ ಮುಂಚೆ ಕೊರಳಿನ ಲಿಂಗ ತೆಗೆಯಲೇಬೇಕು ಅಂತ ಡಾಕ್ಟರರು. ತೆಗೆದರೆ ಅಕ್ಕನ ಕೈಯಲ್ಲಷ್ಟೇ ಕೊಡುತ್ತೇನೆ, ಇಲ್ಲದಿದ್ದರೆ ಆಪರೇಷನ್ನೇ ಬೇಡ ಅಂತ ಚಿಕ್ಕವ್ವ. ಆ ಅಕ್ಕ ಅಂದರೆ ನನ್ನ ಅವ್ವ. ಯಾದಗಿರಿ ದಾಟಿದವಳೇ ಅಲ್ಲ. ರೈಲಿಗೆ ಹೋದರೆ ಹೊತ್ತಿಗೆ ಮುಟ್ಟುವುದಿಲ್ಲವೆಂದು ಹೈದರಾಬಾದಿನಿಂದ ವಿಮಾನದ ಟಿಕೆಟ್ ತೆಗೆಸಿದ್ದೆ.

ಶಹಾಪುರದ ದಾರಿಯಲ್ಲಿ ಅರ್ಧ ರಸ್ತೆಗೆ ನೆಲ್ಲು ಒಣಹಾಕಿದ್ದರು. ಕಾರು ಆಮೆಯಂತೆ ಸಾಗಿತು. ನಾನು ಡ್ರೈವರನ ಮೇಲೆ ಸಿಡುಕಿದೆ.

"ಅಕ್ಕಾರ, ನೆಲ್ಲಿನ ಮ್ಯಾಲ ಹೆಂಗ ಹಾಯಸ್ಲಿರಿ?" ಎಂದ. ಅವನದೇನು ತಪ್ಪು?

ಯಾದಗಿರಿಯಲ್ಲಿ ಚಹಾಕ್ಕೆ ಇಳಿದೆವು. ಹೈದರಾಬಾದಿನಿಂದ ದಿಲ್ಲಿ ಎರಡು ತಾಸಿನ ಮೇಲೆ ಚೂರು ಎಂದೆ. ಅವ್ವ ನಂಬಲಿಲ್ಲ.

"ಇಲ್ಲಿಗೆ ಬರಾಕನ ಎರಡು ತಾಸು ಆತು. ದಿಲ್ಲಿ ಏನು ಇಲ್ಲೇ ಬಾಜೂಕ ಸೈದಾಪುರದಾಗ ಐತೇನು?"

ವಿಮಾನ ನಿಲ್ದಾಣ ಮುಟ್ಟಿದಾಗ ಮಧ್ಯಾಹ್ನ. ತಪಾಸಣೆಯ ಹೆಂಗಸು ಅವ್ವನ ಕೊರಳಿನ ಬೆಳ್ಳಿ ಕರಡಿಗೆ ತೋರಿಸಿ, ಅದನ್ನು ತೆಗೆದು ಟ್ರೇಯಲ್ಲಿಡಿ ಎಂದಳು. ಅವ್ವ ಲಿಂಗವಿದ್ದ ಆ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಚಪ್ಪಲಿ ಇಟ್ಟ ಬುಟ್ಟ್ಯಾಗ ಲಿಂಗ ಇಡ್ತಾರೇನು? ಮನಿಗೆ ನಡಿ."

ನನ್ನ ಹಿಂದಿ, ಇಂಗ್ಲಿಷ್ ಎರಡೂ ತಡವರಿಸಿದವು. ಹಿಂದಿನವರು ಗೊಣಗತೊಡಗಿದರು. ನಮ್ಮ ವಿಮಾನಕ್ಕೆ ಆಗಲೇ ಕರೆಯುತ್ತಿದ್ದರು.

"ಅವ್ವಾ, ಚಿಕ್ಕವ್ವ ದಾರಿ ಕಾಯಾಕತ್ತಾಳ," ಎಂದೆ. ಸಿಟ್ಟೂ ಅಳುವೂ ಒಟ್ಟಿಗೇ ಬಂದಿದ್ದವು.

ಅಷ್ಟರಲ್ಲಿ ಆ ಹೆಂಗಸು ಜೊತೆಯವಳಿಗೆ ತೆಲುಗಿನಲ್ಲಿ ಏನೋ ಅಂದಳು. ಅವ್ವನ ಮುಖ ಅರಳಿತು. ಕಾಲುವೆ ಬಂದ ಮೇಲೆ ನಮ್ಮ ಹೊಲದ ಪಕ್ಕ ಕ್ಯಾಂಪು ಕಟ್ಟಿಕೊಂಡ ಆಂಧ್ರದ ಹೆಂಗಸರ ಜೊತೆ ನೆಲ್ಲು ಹಚ್ಚುತ್ತ ಅವ್ವ ತೆಲುಗು ಕಲಿತಿದ್ದಳು. ಅದರಲ್ಲೇ ಹೇಳಿದಳು: ಪೂಜೆಗೆ ಅಂಗೈ ಮೇಲೆ ಇಟ್ಟುಕೊಳ್ಳುತ್ತೇನಲ್ಲ, ಹಾಗೇ ಹಿಡಿಯುತ್ತೇನೆ, ಕಣ್ಣಾರೆ ನೋಡಿಕೋ ತಾಯಿ. ಆಕೆ ಮೇಲಿನವರನ್ನು ಕೇಳಿ ಅವ್ವನನ್ನು ಪರದೆಯ ಹಿಂದೆ ಕರೆದೊಯ್ದಳು. ಹೊರಬಂದಾಗ ಕರಡಿಗೆ ಕೊರಳಲ್ಲೇ ಇತ್ತು. ವಿಮಾನ ಹತ್ತಿದವರಲ್ಲಿ ನಾವೇ ಕಡೆಯವರು. ಸೀಟಿನಲ್ಲಿ ಕುಳಿತ ಮೇಲೆ ಹೋದ ಜೀವ ಬಂದಂತಾಯಿತು.

ರೊಟ್ಟಿ, ಶೇಂಗಾ ಹಿಂಡಿ ತಿಂದು ಅವ್ವ ಒಂದು ನಿದ್ದೆ ಮಾಡಿ ಏಳುವಷ್ಟರಲ್ಲಿ ದಿಲ್ಲಿ. "ಬರೇ ಇಷ್ಟ ಏನು?" ಎಂದಳು.

ಮರುದಿನ ಆಪರೇಷನ್ ಕೋಣೆಯ ಬಾಗಿಲಲ್ಲಿ ಚಿಕ್ಕವ್ವ ತನ್ನ ಲಿಂಗವನ್ನು ಅವ್ವನ ಅಂಗೈಯಲ್ಲಿಟ್ಟಳು.

"ಅಕ್ಕಾ, ಈಗ ಅಂಜಿಕಿ ಇಲ್ಲ ನೋಡು."

ಅವ್ವ ಮುಷ್ಟಿ ಕಟ್ಟಿ ಕುಳಿತವಳು ಕುಳಿತೇ ಇದ್ದಳು. ನೀರು ಕೂಡ ನಾನೇ ಕುಡಿಸಿದೆ. ಮಧ್ಯಾಹ್ನ ಡಾಕ್ಟರರು ಬಂದು ಎಲ್ಲ ಚೆನ್ನಾಗಾಯಿತು ಎಂದಾಗ ನಾನು ಗೋಡೆಗೆ ಆತು ಅತ್ತುಬಿಟ್ಟೆ.

ಸಂಜೆ ಒಳಗೆ ಬಿಟ್ಟರು. ಚಿಕ್ಕವ್ವ ಕಣ್ಣು ತೆರೆದು ಮೊದಲು ಕೊರಳು ತಡವಿಕೊಂಡಳು.

"ಇಲ್ಲೇ ಐತಿ, ತಗೋ," ಎಂದು ಅವ್ವ ಕೈ ಚಾಚಿದಳು. ಬೆರಳು ಮರಗಟ್ಟಿದ್ದವು, ಬಿಚ್ಚಲಿಲ್ಲ. ನಾನೇ ಒಂದೊಂದಾಗಿ ಬಿಡಿಸಿದೆ.