ಅಕ್ಷರ ಕ್ರಮಕ್ಕೆ ಜೋಡಿಸಿದ ಚೀಟಿಗಳು

ಅರವತ್ತರ ದಶಕದ ಕೊನೆಯಲ್ಲಿ ನಾನು ಕೊಳ್ಳೇಗಾಲದ ಡಾಕ್ಟರೊಬ್ಬರ ಖಾಸಗಿ ಆಸ್ಪತ್ರೆಗೆ ಗುಮಾಸ್ತನಾಗಿ ಸೇರಿದೆ. ರೋಗಿಗಳು ಮತ್ತೆ ಬಂದಾಗ ಅವರ ಹಳೆಯ ಚೀಟಿ ಹುಡುಕಿ ಡಾಕ್ಟರ ಮುಂದಿಡುವುದು ನನ್ನ ಕೆಲಸ. ನನಗಿಂತ ಮೊದಲು ಅದನ್ನು ನೋಡಿಕೊಳ್ಳುತ್ತಿದ್ದವಳು ಅಲ್ಪಸ್ವಲ್ಪ ಓದಿದ್ದ ಮುದುಕಿ ಆಯಾ. ನೇಯ್ಗೆಯವರ ಮನೆಯಿಂದ ಬಣ್ಣಬಣ್ಣದ ನೂಲು ತಂದು, ಊರಿಗೊಂದು ಬಣ್ಣದಂತೆ ಚೀಟಿಗಳನ್ನು ಕಟ್ಟು ಕಟ್ಟಿಟ್ಟಿದ್ದಳು.

ನನ್ನ ಬಳಿ ಮೈಸೂರಿನಲ್ಲಿ ಕೊಂಡ ಒಂದು ಪುಸ್ತಕವಿತ್ತು. ಯಾವ ಕಚೇರಿಯೇ ಆಗಲಿ, ಕಾಗದಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿಟ್ಟರೆ ಕ್ಷಣದಲ್ಲಿ ಸಿಗುತ್ತವೆ ಎಂದು ಅದರಲ್ಲಿತ್ತು. ಮೈಸೂರಿನಲ್ಲಿ ನಾನಿದ್ದ ಕಚೇರಿಯಲ್ಲಿ ಹಾಗೆಯೇ ಸಿಗುತ್ತಿದ್ದವು. ನಾನು ಕಟ್ಟುಗಳನ್ನೆಲ್ಲ ಬಿಚ್ಚತೊಡಗಿದೆ.

"ಬ್ಯಾಡಿ ಸಾ," ಎಂದಳು ಆಯಾ. "ನಮ್ ಕಡೆ ಮನೆಮನೇಲೂ ಬೆಟ್ಟದ್ ದೇವ್ರು ಮಾದಪ್ಪನ ಎಸ್ರೇ, ಗಂಡ್ಗೂ ಎಣ್ಗೂ. ಊರು ಕೇಳುದ್ರೆ ಸಿಕ್ತದೆ, ಎಸ್ರು ಕೇಳುದ್ರೆ ಎಲ್ಲಿ ಸಿಕ್ಕದು?"

ಪುಸ್ತಕ ಬರೆದವರಿಗಿಂತ ನಿನಗೆ ಹೆಚ್ಚು ಗೊತ್ತೇ ಎಂದು ನಕ್ಕು, ಚೀಟಿಗಳನ್ನೆಲ್ಲ ಅಕ್ಷರ ಕ್ರಮಕ್ಕೆ ಜೋಡಿಸಿಬಿಟ್ಟೆ.

ಬೇಸಿಗೆಯ ಒಂದು ಮಧ್ಯಾಹ್ನ ಲೊಕ್ಕನಹಳ್ಳಿಯಿಂದ ಒಬ್ಬ ತನ್ನ ತಂಗಿಯನ್ನು ಕರೆತಂದ. ಬಾಣಂತಿ. ಜ್ವರಕ್ಕೆ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ.

"ಓದ್ ವರ್ಸ ಇಲ್ಲಿಗೇ ಬಂದಿದ್ಲು ಸಾ. ಆಗ ಗಂಡ ಜತೇಲಿದ್ದ. ಏನ್ ಕೊಟ್ರೋ ನಂಗೊತ್ತಿಲ್ಲ."

ಅವನು ಹೇಳಿದ ಹೆಸರಿನ ಚೀಟಿಗಳು ಒಂದು ತೆಕ್ಕೆಯಷ್ಟಿದ್ದವು. ಎಲ್ಲವೂ ಮಾದಪ್ಪನ ಹೆಸರಿನ ಹೆಣ್ಣುಮಕ್ಕಳವು. ಊರಿನ ಹೆಸರು ಕೆಲವುಗಳಲ್ಲಿ ಮೂಲೆಯಲ್ಲಿತ್ತು, ಕೆಲವುಗಳಲ್ಲಿ ಹಿಂಬದಿಗೆ. ಒಂದೊಂದನ್ನೇ ತಿರುವಿ ನೋಡತೊಡಗಿದೆ.

"ಸಿಕ್ತೇನಪ್ಪಾ?" ಒಳಗಿನಿಂದ ಡಾಕ್ಟರು ಕೂಗಿದರು.

"ಹುಡುಕ್ತಿದ್ದೀನಿ ಸಾರ್."

ಅವರು ಎರಡನೇ ಸಲವೂ ಕೂಗಿದರು. ಮೂರನೇ ಸಲ ಕೂಗಲಿಲ್ಲ. ಜ್ವರ ಏರುತ್ತಿತ್ತು, ಸೂಜಿ ಚುಚ್ಚಿದರು.

ಚೀಟಿ ನನ್ನ ಕೈಗೆ ಸಿಕ್ಕುವಷ್ಟರಲ್ಲಿ ತಂಗಿಯ ಉಸಿರು ನಿಂತಿತ್ತು, ಒಳಗೆ ಅಣ್ಣ ಕಿರುಚುತ್ತಿದ್ದ. ಪೆನಿಸಿಲಿನ್ ಒಗ್ಗುವುದಿಲ್ಲ, ಕೊಡಕೂಡದು ಎಂದು ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಡಾಕ್ಟರು ಅದನ್ನು ಓದಿ ಮೇಜಿನ ಮೇಲೆ ಬೋರಲು ಹಾಕಿದರು.

ಮಾರನೆಯ ದಿನ ನಾನೂ ಆಯಾಳೂ ನೆಲದ ಮೇಲೆ ಕೂತೆವು. ನಾನು ಊರಿನ ಹೆಸರು ಓದುತ್ತಾ ಹೋದೆ, ಅವಳು ಕಟ್ಟುತ್ತಾ ಹೋದಳು. ಆವತ್ತೇ ಹೇಳಿದ್ದೆನಲ್ಲ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಅದನ್ನು ಬರೆದವರು ಲೊಕ್ಕನಹಳ್ಳಿಯ ಕಡೆಯವರನ್ನು ಕಂಡಿರಲಿಲ್ಲ, ಅಷ್ಟೇ. ಕಂಡವಳು ನನ್ನ ಪಕ್ಕದಲ್ಲೇ ಇದ್ದಳು.

ವಾರ ಕಳೆದ ಮೇಲೆ ಬಸ್ಸು ಹತ್ತಿ ಲೊಕ್ಕನಹಳ್ಳಿಗೆ ಹೋದೆ. ಸತ್ತವಳ ತಾಯಿ ಜಗುಲಿಯ ಮೇಲೆ ಮಗಳ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಆಸ್ಪತ್ರೆಯವನೆಂದು ತಿಳಿದು, "ಬಿಸ್ಲಲ್ಲಿ ಬಂದಿದ್ದೀಯ, ಕೂತ್ಕಪ್ಪಾ," ಎಂದು ಮಜ್ಜಿಗೆ ತರಿಸಿದಳು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೂಸಿನ ಬೆನ್ನು ಸವರುತ್ತಾ ಕೇಳಿದಳು.

"ಆ ಚೀಟಿ ಬೇಗ್ನೆ ಸಿಕ್ಕಿದ್ರೆ ಬದುಕ್ತಿದ್ಲಾ?"

ಬದುಕುತ್ತಿದ್ದಳೋ ಇಲ್ಲವೋ, ಯಾರು ಬಲ್ಲರು? ಆದರೆ ಆ ಮಾತಿನ ಮರೆಯಲ್ಲಿ ಅಡಗಿಕೊಳ್ಳಲು ಮನಸ್ಸಾಗಲಿಲ್ಲ.

"ಹೂಂ ಅವ್ವಾ. ಆ ಸೂಜಿ ಚುಚ್ತಿರಲಿಲ್ಲ."

ಅವಳು ಕೂಸನ್ನೆತ್ತಿಕೊಂಡು ಒಳಗೆ ಹೋದಳು. ಮತ್ತೆ ಬರುತ್ತಾಳೆಂದು ನಾನು ಜಗುಲಿಯ ಮೇಲೇ ಕೂತಿದ್ದೆ. ಬರಲಿಲ್ಲ. ಕೊಳ್ಳೇಗಾಲದ ಬಸ್ಸಿನ ಹಾರನ್ ಕೇಳಿದಾಗ ಎದ್ದು ನಡೆದೆ.