ಅಕ್ಕಿಯಲ್ಲಿ ಬರೆದ ಹೆಸರು

ಕಳೆದ ವಾರ ಆನೆಗೊಂದಿಯಿಂದ ಬಂದ ಬೀಗರು ಬಾಳೆನಾರಿನ ಚೀಲವೊಂದನ್ನು ಕೊಟ್ಟು ಹೋದರು. ದಾರಿಯಲ್ಲಿ ಮಳೆಗೆ ಸ್ವಲ್ಪ ನೆನೆದಿತ್ತು. ಒಣಹಾಕಲೆಂದು ಕೈಗೆತ್ತಿಕೊಂಡೆ. ಆ ಹಸಿ ನಾರಿನ ವಾಸನೆ ಮೂಗಿಗೆ ಬಡಿದದ್ದೇ ಅಲ್ಲೇ ಕುಳಿತುಬಿಟ್ಟೆ. ಗಂಗಾವತಿಯ ನಮ್ಮ ಮನೆಯ ಮಾಳಿಗೆ ಮೇಲೆ ಬಾಡಿಗೆಗಿದ್ದ ಮೇಡಮ್ ಇಂಥದ್ದೇ ಚೀಲದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಲೇಜಿಗೆ ಹೋಗುತ್ತಿದ್ದರು…

ಮೈಸೂರು ಕಡೆಯವರು, ಕಂಪ್ಯೂಟರ್ ಕಲಿಸುತ್ತಿದ್ದರು. ಸೋಮವಾರ ನನಗೆ ಉಪವಾಸವೆಂದು ಗೊತ್ತಿದ್ದರೂ ಅಂದೇ ಉಪ್ಪಿಟ್ಟಿನ ತಟ್ಟೆ ಹಿಡಿದು ಇಳಿದು ಬರುತ್ತಿದ್ದರು. "ಒಂದು ತುತ್ತಿಗೆ ನಿಮ್ಮ ಶಿವ ಮುನಿಸಿಕೊಳ್ಳಲ್ಲ ಅಕ್ಕ" ಎಂದು ಕೆಣಕುವುದು ಬೇರೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕೆಲವು ಖಾಸಗಿ ಆಸ್ಪತ್ರೆಗಳು ಆಗಲೇ ರೋಗಿಗಳ ವಿವರವನ್ನು ಕಂಪ್ಯೂಟರಿನಲ್ಲಿ ಇಡುತ್ತಿದ್ದವು. ಒಂದೊಂದರದು ಒಂದೊಂದು ಪದ್ಧತಿ. ಮೇಡಮ್ ಅವೆಲ್ಲದರ ನಡುವೆ ಕೂರುವ ತಂತ್ರಾಂಶವೊಂದನ್ನು ಮಾಡುತ್ತಿದ್ದರು. ಯಾರ ಮಾಹಿತಿಯೂ ಇದ್ದ ಜಾಗದಿಂದ ಕದಲಬೇಕಾಗಿಲ್ಲ. ಎಲ್ಲಿಂದಲೋ ಒಬ್ಬ ಡಾಕ್ಟರು ಕೇಳಿದರೆ ಸಾಕು, ಅದು ಎಲ್ಲರ ಬಾಗಿಲಿಗೂ ಹೋಗಿ, ಅವರವರ ರೀತಿಯಲ್ಲೇ ವಿಚಾರಿಸಿ, ಸಿಕ್ಕಿದ್ದನ್ನು ಜೋಡಿಸಿ ಒಂದೇ ಉತ್ತರ ತರುತ್ತದೆ. ಹುಡುಕುವ ಭಾರವನ್ನು ಕಾಲೇಜಿನ ಯಂತ್ರಗಳೆಲ್ಲ ಹಂಚಿಕೊಳ್ಳುತ್ತವೆ. ಅದನ್ನು ಗ್ರಿಡ್ ಎನ್ನುತ್ತಿದ್ದರು.

"ಅಂದ್ರ ಕನ್ಯಾ ಹುಡುಕಿ ಕೊಡೋ ಮಂದಿ ಕೆಲಸ ಅನ್ರಿ, ಮೇಡಮ್‌ರ."

"ಅವರು ಹುಡುಗನ ವಯಸ್ಸು ಮುಚ್ಚಿಡ್ತಾರೆ ಅಕ್ಕ. ಇದು ಇದ್ದದ್ದು ಇದ್ದ ಹಾಗೇ ಹೇಳುತ್ತೆ."

ಒಂದು ಊರಿನಲ್ಲಿ ಯಾರದೋ ಮೈಗೆ ಒಗ್ಗದ ಔಷಧಿ ಇನ್ನೊಂದು ಊರಿನ ಡಾಕ್ಟರಿಗೂ ತಿಳಿಯಬೇಕು. ಅದೊಂದೇ ಅವರ ಹಂಬಲವಾಗಿತ್ತು.

ನನ್ನ ತಂಗಿಯ ಚೊಚ್ಚಲ ಹೆರಿಗೆ ತವರಿನದು. ನಮ್ಮ ತವರೂರು ಸಿದ್ದಾಪುರದಿಂದ ಗಂಗಾವತಿಯ ಆಸ್ಪತ್ರೆಗೆ ಕರೆತಂದಿದ್ದೆವು. ಅಲ್ಲಿ ಒಂದು ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಉಳಿದದ್ದೇ ದೇವರ ದಯೆ. ಡಾಕ್ಟರು ಅದನ್ನು ಕಂಪ್ಯೂಟರಿನಲ್ಲಿ ಬರೆಸಿದರು. ಎರಡನೆಯ ಸಲ ಅವಳು ಗಂಡನ ಊರಲ್ಲೇ ಇದ್ದಳು, ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ. ದಿನ ತುಂಬುವ ಮೊದಲೇ ಫಿಟ್ಸ್ ಬಂದು ಎಚ್ಚರ ತಪ್ಪಿತು. ಅವಳ ಅತ್ತೆ ಯಲಬುರ್ಗಾದ ಆಸ್ಪತ್ರೆಗೆ ಒಯ್ದರು. ಇಂಜೆಕ್ಷನ್ನಿನ ಸಂಗತಿ ಆ ಮನೆಯವರಿಗೆ ತಿಳಿದಿರಲಿಲ್ಲ. ಮೇಡಮ್ ಮಾಡಿದ ತಂತ್ರಾಂಶ ಅಲ್ಲಿಗೆ ಹೊಸದಾಗಿ ಬಂದಿತ್ತು. ಡಾಕ್ಟರು ಹೆಸರು, ಗಂಡನ ಹೆಸರು, ಊರು ಹಾಕಿ ಕೇಳಿದರು. ಹಿಂದಿನ ತೊಂದರೆ ಯಾವುದೂ ದಾಖಲಾಗಿಲ್ಲವೆಂದು ಉತ್ತರ ಬಂತು. ಅದೇ ಇಂಜೆಕ್ಷನ್ ಕೊಟ್ಟರು.

ಮಗು ಉಳಿಯಿತು. ತಂಗಿ…

ನಾನು ತಂಗಿಯ ಮಣ್ಣು ಮುಗಿಸಿ ಬಂದ ದಿನ ಮೇಡಮ್ ಕೆಳಗಿಳಿದು ಬಂದರು. ಕಣ್ಣು ಬಾತಿದ್ದವು.

"ಗಂಗಾವತಿಯಲ್ಲಿ ಅವರ ವಿವರವೇ ಇಲ್ಲ ಅಕ್ಕ. ಗಿರಿಜಾ ಅಂತ ಯಾರೂ ಇಲ್ಲ."

"ಇಲ್ಲಿ ಆಕಿ ಸುವರ್ಣಾ ರೀ. ಗಿರಿಜಾ ಅನ್ನೋದು ಗಂಡನ ಮನಿ ಹೆಸರು."

ಅವರಿಗೆ ತಿಳಿಯಲಿಲ್ಲ. ಮದುವೆಯಲ್ಲಿ ತಟ್ಟೆಯ ತುಂಬ ಅಕ್ಕಿ ಹರವಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯುವುದನ್ನು ವಿವರಿಸಿದೆ. ಅಂದಿನಿಂದ ತವರಿನಲ್ಲಿ ಒಂದು ಹೆಸರು, ಅತ್ತೆ ಮನೆಯಲ್ಲಿ ಇನ್ನೊಂದು. ತವರೂರಿನ ಆಸ್ಪತ್ರೆಯಲ್ಲಿ ಅಪ್ಪನ ಹೆಸರು ಹೇಳುತ್ತೇವೆ, ಅಲ್ಲಿ ಗಂಡನದು. ಇದು ಹೇಳುವಂಥ ಸಂಗತಿಯೆಂದು ನಮಗೆ ಯಾರಿಗೂ ಅನಿಸಿರಲಿಲ್ಲ. ಕೇಳಬೇಕೆಂದು ಅವರಿಗೂ ಹೊಳೆದಿರಲಿಲ್ಲ.

"ಹೀಗೆ ಎಷ್ಟು ಜನ ಇದ್ದೀರಿ ಅಕ್ಕ?"

"ನಾನೂ ಅದೀನ್ರಿ. ನಮ್ಮವ್ವನೂ ಹಂಗ. ಈ ಓಣ್ಯಾಗ ಲಗ್ನಾಗಿ ಬಂದೋರೆಲ್ಲ ಭಾಳ ಮಟ್ಟಿಗೆ ಹಂಗ ರೀ."

ಅವರು ಗೋಡೆಗೆ ಒರಗಿ ನಿಂತರು. "ಹಾಗಾದರೆ ನಾನು ಏನನ್ನು ಜೋಡಿಸಿದೆ?" ಎಂದರು. ನನ್ನನ್ನು ಕೇಳಿದಂತೆ ಇರಲಿಲ್ಲ.

ತಂಗಿಯ ದಿನದ ಕಾರ್ಯಕ್ಕೆಂದು ನಾನು ಮತ್ತೆ ಮಂಗಳೂರಿಗೆ ಹೋದೆ. ಬರುವಷ್ಟರಲ್ಲಿ ಮಾಳಿಗೆ ಖಾಲಿಯಾಗಿತ್ತು. ಕೀಲಿಯನ್ನು ನಮ್ಮ ಯಜಮಾನರ ಕೈಗಿಟ್ಟು, "ಅಕ್ಕನಿಗೆ ಮುಖ ತೋರಿಸೋಕೆ ಆಗಲ್ಲ" ಎಂದರಂತೆ. ಆಸ್ಪತ್ರೆಗಳ ಯಂತ್ರಗಳು ಮೊದಲಿನಂತೆ ಒಂದರ ಸುದ್ದಿ ಒಂದಕ್ಕಿಲ್ಲದೆ ಕುಳಿತವು. ಆ ಕೆಲಸವನ್ನು ಮತ್ತಾರೂ ಮುಟ್ಟಲಿಲ್ಲ.

ಮಗು ಉಳಿದದ್ದು, ತಂಗಿಗೆ ನೋವಿನ ಅರಿವಿಲ್ಲದೆ ಹೋದದ್ದು, ಇವು ದೇವರ ದಯೆ. ದೀಪ ಹಚ್ಚುವಾಗ ಇಷ್ಟನ್ನು ನೆನೆಯುತ್ತೇನೆ. ಮೂರನೆಯದೊಂದು ಹುಡುಕಿದರೆ ಸಿಗುವುದಿಲ್ಲ.

ಆ ಮಗು ಈಗ ಪಿಯುಸಿ ಹುಡುಗಿ. ರಜೆಗೆ ಬಂದವಳಿಗೆ ಎಲ್ಲವನ್ನೂ ಹೇಳಿದೆ. ನಿನ್ನವ್ವ ಹೋದದ್ದಕ್ಕೆ ಆ ಮೇಡಮ್ ಕಾರಣರಲ್ಲವೆಂದು ನಾನು ಸಾಯುವ ಮೊದಲು ಅವರಿಗೆ ತಿಳಿಸಬೇಕು, ಹೆಂಗಾದರೂ ಹುಡುಕಿಕೊಡು ಎಂದೆ. ಅವಳು ಫೋನಿನಲ್ಲಿ ಹೆಸರು ಹಾಕಿದಳು.

"ಎಲ್ಲಿ ಇರ್ತಾರ, ದೊಡ್ಡವ್ವ?"

"ಗೊತ್ತಿಲ್ಲವ್ವ."

"ಲಗ್ನಾಗ್ಯಾರೇನು? ಈಗೂ ಇದ ಹೆಸರೇನು?"

ಅದೂ ನನಗೆ ಗೊತ್ತಿಲ್ಲ. ಬಹಳ ಹೊತ್ತು ಹುಡುಕಿ, ಫೋನು ಕೆಳಗಿಟ್ಟು ಅಂದಳು, "ಸಿಗವಲ್ರು, ದೊಡ್ಡವ್ವ."